ಹಳೆಯ ಮಸಲ್ ಕಾರಿನ ಕಂಪ್ರೆಷನ್: ಮೊದಲು ಅಳತೆ, ಆಮೇಲೆ ಸ್ಪ್ಯಾನರ್

8.5:1 ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಅನುಪಾತ) ಇರುವ ಷೆವ್ರೊಲೆ 350 (ಅಂದರೆ 350 ಘನ ಇಂಚಿನ) ಎಂಜಿನ್ನಿಗೆ ದೊಡ್ಡ ರೇಸ್ ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ) ಹಾಕಿದರೆ ಐಡಲ್‌ನಲ್ಲಿ ಗುಡುಗುವ ಸದ್ದು ಸಿಗುತ್ತದೆ, ಕಾರು ಮಾತ್ರ ಮೊದಲಿಗಿಂತ ಮಂದವಾಗುತ್ತದೆ. ನಿಂತಲ್ಲಿಂದ ಹೊರಡುವಾಗ ಪಿಕಪ್ ಇರುವುದಿಲ್ಲ, ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಹುಟ್ಟುವುದಿಲ್ಲ, 3,500 ಆರ್‌ಪಿಎಂ ದಾಟುವ ತನಕ ಎಂಜಿನ್ ಏಳುವುದೇ ಇಲ್ಲ. ಹಳೆಯ ಅಮೆರಿಕನ್ ಮಸಲ್ ಕಾರುಗಳ ವಿ8ಗಳಲ್ಲಿ (ವಿ ಆಕಾರದ ಎಂಟು ಸಿಲಿಂಡರ್ ಎಂಜಿನ್‌ಗಳಲ್ಲಿ) ಅತಿ ಹೆಚ್ಚು ಕಾಣುವ ತಪ್ಪು ಇದೇ. ಇಲ್ಲಿ ಕ್ಯಾಮ್‌ನ ದೋಷವೇನೂ ಇಲ್ಲ. ಆ ಕ್ಯಾಮ್ ಬೇಡುವ ಕಂಪ್ರೆಷನ್ ಆ ಎಂಜಿನ್ನಿನಲ್ಲಿಲ್ಲ. ಕಂಪ್ರೆಷನ್, ಕ್ಯಾಮ್, ಪೆಟ್ರೋಲ್ ಮೂರೂ ಒಂದಕ್ಕೊಂದು ಹೊಂದಬೇಕು. ಹೊಂದಿಸಬೇಕಾದರೆ ನಿಮ್ಮ ಎಂಜಿನ್ನಿನ ಕಂಪ್ರೆಷನ್ ನಿಜವಾಗಿ ಎಷ್ಟು ಎಂಬುದನ್ನು ಅಳೆದು ತಿಳಿದಿರಬೇಕು. ಏರ್ ಕ್ಲೀನರ್ ಮೇಲಿನ ಸ್ಟಿಕ್ಕರೂ ಕ್ಯಾಟಲಾಗಿನ ಸಂಖ್ಯೆಯೂ ಅಳತೆಯಲ್ಲ.

1971ರಲ್ಲಿ ಏನಾಯಿತು

1970ರ ತನಕ ಅಮೆರಿಕದ ಕಾರು ಕಂಪನಿಗಳ ಊರಾದ ಡೆಟ್ರಾಯಿಟಿನ ಬಲವಾದ ಎಂಜಿನ್‌ಗಳು ಬಹುಪಾಲು 10:1ರ ಮೇಲೆಯೇ ಇದ್ದವು. 1964ರ ಪಾಂಟಿಯಾಕ್ ಜಿಟಿಒದ 389 ಎಂಜಿನ್ 10.75:1, ಕ್ರೈಸ್ಲರಿನ 426 ಹೆಮಿ 10.25:1, 1970ರ ಷೆವ್ರೊಲೆ ಷೆವೆಲ್‌ನ ಎಲ್‌ಎಸ್6 454 ಎಂಜಿನ್ 11.25:1. ಸೀಸ ಬೆರೆಸಿದ ಅಂದಿನ ಪ್ರೀಮಿಯಂ ಪೆಟ್ರೋಲ್ ಇವನ್ನು ತಡೆದುಕೊಳ್ಳುತ್ತಿತ್ತು. ಹೊಗೆ ನಿಯಮಗಳು ಬಿಗಿಯಾಗುತ್ತಿದ್ದ ಕಾಲದಲ್ಲಿ, 1971ರ ಮಾದರಿಗಳಿಗೆ ಜನರಲ್ ಮೋಟಾರ್ಸ್ 91 ರಿಸರ್ಚ್ ಆಕ್ಟೇನಿನ (ಪೆಟ್ರೋಲ್ ತಾನಾಗಿ ಸಿಡಿಯದಂತೆ ತಡೆಯುವ ಗುಣದ ಒಂದು ಅಳತೆ) ಕಡಿಮೆ ಸೀಸದ ಅಥವಾ ಸೀಸವಿಲ್ಲದ ಪೆಟ್ರೋಲಿನಲ್ಲಿ ಓಡುವಂತೆ ಕಂಪ್ರೆಷನ್ ಇಳಿಸಿತು. ಕ್ಯಾಮಾರೊ ಝಡ್28ರ ಎಲ್‌ಟಿ-1 ಎಂಜಿನ್ 11:1ರಿಂದ 9:1ಕ್ಕೆ ಬಂತು. ಶಕ್ತಿ 360ರಿಂದ 330 ಗ್ರಾಸ್ ಹಾರ್ಸ್‌ಪವರ್‌ಗೆ ಇಳಿಯಿತು.

1972ರಲ್ಲಿ ಅದೇ ಎಂಜಿನ್ನಿಗೆ 255 ಎಂದು ಬರೆದದ್ದನ್ನು ನೋಡಿ ಶಕ್ತಿ ಒಂದೇ ವರ್ಷದಲ್ಲಿ ಕುಸಿಯಿತೆಂದು ಹಲವರು ತಿಳಿಯುತ್ತಾರೆ. ಬಹುಪಾಲು ಬದಲಾದದ್ದು ಅಳೆಯುವ ರೀತಿ. ಗ್ರಾಸ್ ಎಂದರೆ ಏರ್ ಕ್ಲೀನರ್, ಸೈಲೆನ್ಸರ್, ಆಲ್ಟರ್ನೇಟರ್ ಇಲ್ಲದೆ ಬೆಂಚಿನ ಮೇಲೆ ಓಡಿಸಿದ ಎಂಜಿನ್. ನೆಟ್ ಎಂದರೆ ಎಲ್ಲವನ್ನೂ ಜೋಡಿಸಿ ಕಾರಿನಲ್ಲಿರುವಂತೆಯೇ ಓಡಿಸಿದ್ದು. ಹಾಗಾಗಿ ಎರಡು ವರ್ಷಗಳ ಬ್ರೋಷರ್ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಬೇಡಿ.

ಕಂಪ್ರೆಷನ್ ಒಂದು ಪಾಯಿಂಟ್ ಏರಿದರೆ ಈ ಎಂಜಿನ್‌ಗಳಲ್ಲಿ ಸುಮಾರು 3ರಿಂದ 4 ಶೇಕಡಾ ಶಕ್ತಿ ಹೆಚ್ಚುತ್ತದೆ. ಕೇಳಲು ಸಣ್ಣದು. ಆದರೆ ಅದು ಕೆಳಗಿನ ಆರ್‌ಪಿಎಂನಿಂದ ಮೇಲಿನವರೆಗೂ ಸಿಗುವ ಲಾಭ. ದೊಡ್ಡ ಕ್ಯಾಮ್ ಹಾಕಿದಾಗ ಕೆಳಗಡೆ ಕಳೆದುಹೋಗುವ ಟಾರ್ಕನ್ನು ಮರಳಿ ತರುವುದೂ ಇದೇ.

ಅನುಪಾತ ಬೇರೆ, ಒತ್ತಡ ಬೇರೆ

ಕಂಪ್ರೆಷನ್ ಅನುಪಾತ ಒಂದು ಜ್ಯಾಮಿತಿಯ ಲೆಕ್ಕ. ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಅದರ ಮೇಲಿರುವ ಜಾಗವನ್ನು, ಪೂರ್ತಿ ಮೇಲಿದ್ದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವ ಸಂಖ್ಯೆ. ರಿಂಗ್ ಸವೆದರೂ ವಾಲ್ವ್ ಸುಟ್ಟರೂ ಅದು ಬದಲಾಗುವುದಿಲ್ಲ. ಗೇಜಿನಲ್ಲಿ ಕಾಣುವ ಪಿಎಸ್ಐ ಒತ್ತಡ ಅನುಪಾತದ ಜೊತೆಗೆ ಕ್ಯಾಮ್, ಸ್ಟಾರ್ಟರ್ ತಿರುಗುವ ವೇಗ, ಸೋರಿಕೆ, ಊರಿನ ಎತ್ತರ ಎಲ್ಲವನ್ನೂ ಒಳಗೊಂಡದ್ದು. ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಸುಮಾರು ಆರನೇ ಒಂದು ಭಾಗ ಕಡಿಮೆ; ಗೇಜೂ ಅಷ್ಟು ಕಡಿಮೆಯೇ ತೋರಿಸುತ್ತದೆ. ಆದ್ದರಿಂದ ಗೇಜ್ ನೋಡಿ ಅನುಪಾತ ಹೇಳಲು ಹೋಗಬಾರದು. ಸಿಲಿಂಡರ್‌ಗಳನ್ನು ಒಂದರ ಜೊತೆ ಇನ್ನೊಂದನ್ನು ಹೋಲಿಸುವುದೇ ಗೇಜಿನ ಕೆಲಸ.

ಕಂಪ್ರೆಷನ್ ಟೆಸ್ಟ್

ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ ನಿಲ್ಲಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಎಂಟು ಸಿಲಿಂಡರ್ ಅಳೆಯುವಷ್ಟರಲ್ಲಿ ಬ್ಯಾಟರಿ ಇಳಿದರೆ ಕೊನೆಯವು ಸುಳ್ಳೇ ಕಡಿಮೆ ಬರುತ್ತವೆ, ಹಾಗಾಗಿ ಚಾರ್ಜರ್ ಸಿಕ್ಕಿಸಿಟ್ಟರೆ ಇನ್ನೂ ಒಳ್ಳೆಯದು. ಕಾಯಿಲಿನ ಪ್ಲಸ್ ವೈರ್ ಕಳಚಿ. ಎಚ್ಇಐ (ಜಿಎಂನ ಎಲೆಕ್ಟ್ರಾನಿಕ್ ಇಗ್ನಿಷನ್) ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಬ್ಯಾಟರಿ ಪ್ಲಗ್ ಎಳೆಯಿರಿ. ಪ್ಲಗ್ ತೂತುಗಳಿಂದ ಪೆಟ್ರೋಲ್ ಆವಿ ಹೊರಬರುವಾಗ ಎಲ್ಲಿಯೂ ಕಿಡಿ ಹಾರಬಾರದು. ಎಂಟೂ ಸ್ಪಾರ್ಕ್ ಪ್ಲಗ್ ತೆಗೆಯಿರಿ, ಒಂದನ್ನೂ ಬಿಡಬೇಡಿ. ತೆಗೆದವನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿಡಿ, ಮುಂದೆ ಅವುಗಳ ಸ್ಥಿತಿ ನೋಡಲು ಬೇಕಾಗುತ್ತವೆ. ಚೋಕ್ ತೆರೆದು, ಥ್ರಾಟಲ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಕಟ್ಟಿ ನಿಲ್ಲಿಸಿ. ಥ್ರಾಟಲ್ ಮುಚ್ಚಿದ್ದರೆ ಸಿಲಿಂಡರಿಗೆ ಗಾಳಿಯೇ ಹೋಗದೆ, ಸರಿಯಿರುವ ಎಂಜಿನ್ನೂ ಸತ್ತಂತೆ ಕಾಣುತ್ತದೆ.

ರಬ್ಬರ್ ತುದಿ ಒತ್ತಿ ಹಿಡಿಯುವ ಗೇಜಿಗಿಂತ ತಿರುಪು ಹಾಕುವ ಗೇಜ್ ತೆಗೆದುಕೊಳ್ಳಿ. ಷೆವ್ರೊಲೆಗೆ 14 ಮಿಮೀ ಅಡಾಪ್ಟರ್ ಸಾಕು. ಫೋರ್ಡಿನ 289, 302, 390 ಎಂಜಿನ್‌ಗಳಿಗೆ 18 ಮಿಮೀ ಬೇಕು. ಪ್ರತಿ ಸಿಲಿಂಡರಿಗೂ ಐದು ಪಂಪ್, ಹೆಚ್ಚೂ ಬೇಡ ಕಡಿಮೆಯೂ ಬೇಡ. ಮೊದಲ ಪಂಪಿನ ರೀಡಿಂಗ್, ಕೊನೆಯ ರೀಡಿಂಗ್ ಎರಡನ್ನೂ ಬರೆದುಕೊಳ್ಳಿ. ಮೊದಲನೆಯದನ್ನು ಬಹಳಷ್ಟು ಜನ ನೋಡುವುದೇ ಇಲ್ಲ, ಆದರೆ ಅದರಲ್ಲಿ ಸುದ್ದಿಯಿದೆ. ಆರೋಗ್ಯವಾಗಿರುವ ಸಿಲಿಂಡರ್ ಮೊದಲ ಪಂಪಿಗೇ ಅರ್ಧಕ್ಕಿಂತ ಮೇಲೇರುತ್ತದೆ. ರಿಂಗ್ ಸವೆದಿದ್ದರೆ ಮೊದಲು ಕಡಿಮೆ ಬಂದು ಆಮೇಲೆ ಮೆಲ್ಲಮೆಲ್ಲನೆ ಏರುತ್ತದೆ. ವಾಲ್ವ್ ಸೋರುತ್ತಿದ್ದರೆ ಮೊದಲೂ ಕಡಿಮೆ, ಆಮೇಲೆಯೂ ಹೆಚ್ಚು ಏರುವುದಿಲ್ಲ.

ಕಾರ್ಖಾನೆಯ ಕ್ಯಾಮ್ ಇರುವ 8.5:1 ಎಂಜಿನ್ ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ 130ರಿಂದ 160 ಪಿಎಸ್ಐ ತೋರಿಸುತ್ತದೆ. 10:1 ದಾಟಿದ್ದು 160ರಿಂದ 200ರ ನಡುವೆ. ಅತಿ ಕಡಿಮೆ ಬಂದದ್ದು ಅತಿ ಹೆಚ್ಚು ಬಂದದ್ದರ 75 ಶೇಕಡಾ ಆದರೂ ಇರಬೇಕು ಎನ್ನುವುದು ಹಳೆಯ ಜಿಎಂ ಮ್ಯಾನ್ಯುಯಲ್‌ಗಳ ನಿಯಮ. ಕೆಲಸ ನಡೆಸಲು ಅದು ಸಾಕು, ಆದರೆ ಶಕ್ತಿ ಹೆಚ್ಚಿಸಲು ಹೊರಟ ಎಂಜಿನ್ನಿಗೆ ಅದು ತೀರಾ ಸಡಿಲ. 10 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಿದ ಮೇಲೆಯೇ ಹೊಸ ಭಾಗಗಳಿಗೆ ದುಡ್ಡು ಹಾಕಿ.

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ 5 ಮಿಲಿ ಎಂಜಿನ್ ಆಯಿಲ್ ಬಿಟ್ಟು, ಕೆಲವು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ವಿ8ರ ಬೋರ್ ವಾಲಿಕೊಂಡಿರುವುದರಿಂದ ಆಯಿಲ್ ಒಂದು ಪಕ್ಕಕ್ಕೇ ಇಳಿಯುತ್ತದೆ, ಹಾಗಾಗಿ ಈ ಪರೀಕ್ಷೆಯನ್ನು ಸುಳಿವೆಂದಷ್ಟೇ ಎಣಿಸಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಮೊದಲು ಶಂಕಿಸಿ. ಒಂದೇ ಸಿಲಿಂಡರ್ ಉಳಿದವುಗಳಿಗಿಂತ ಮೇಲೇರಿದ್ದರೆ ಅಲ್ಲಿ ಮಸಿ ಕಟ್ಟಿದೆ ಅಥವಾ ಆಯಿಲ್ ಇಳಿಯುತ್ತಿದೆ.

ಎಂಟೂ ಸಿಲಿಂಡರ್ ಸಮನಾಗಿ ಕಡಿಮೆ ಬಂದರೆ ಟೈಮಿಂಗ್ ಚೈನ್ ನೋಡಿ. ಆ ಕಾಲದ ಬಹಳಷ್ಟು ಎಂಜಿನ್‌ಗಳಲ್ಲಿ ಕ್ಯಾಮ್ ಗೇರಿನ ಹಲ್ಲುಗಳಿಗೆ ನೈಲಾನ್ ಹೊದಿಕೆಯಿತ್ತು. ವಯಸ್ಸಾದ ಹಾಗೆ ಅದು ಬಿರುಕುಬಿಟ್ಟು ಉದುರುತ್ತದೆ, ಚೂರುಗಳು ಆಯಿಲ್ ಪಂಪಿನ ಜಾಲರಿಗೂ ಹೋಗಿ ಸೇರುತ್ತವೆ. ಚೈನ್ ಸಡಿಲವಾದರೆ ಕ್ಯಾಮ್ ಹಿಂದೆ ಬೀಳುತ್ತದೆ, ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಒತ್ತಡ ಕುಸಿಯುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಕ್ರ್ಯಾಂಕನ್ನು ಕೈಯಿಂದ ಒಂದು ದಿಕ್ಕಿಗೆ ತಿರುಗಿಸಿ; ರೋಟರ್ ಅಲುಗಿದ ಕೂಡಲೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ. ರೋಟರ್ ಮತ್ತೆ ಅಲುಗುವ ಮುನ್ನ ಕ್ರ್ಯಾಂಕ್ 8 ಡಿಗ್ರಿಗಿಂತ ಹೆಚ್ಚು ಸಾಗಿದರೆ ಚೈನ್ ಮತ್ತು ಎರಡೂ ಗೇರ್ ಬದಲಿಸಿ.

ಲೀಕ್‌ಡೌನ್ ಟೆಸ್ಟ್

ಸೋರಿಕೆ ಎಲ್ಲಿ ಎಂದು ಬೆರಳಿಟ್ಟು ತೋರಿಸುವುದು ಈ ಪರೀಕ್ಷೆ. ಎರಡು ಗೇಜ್ ಇರುವ ಟೆಸ್ಟರ್, 100 ಪಿಎಸ್ಐ ಗಾಳಿ ಕೊಡುವ ಕಂಪ್ರೆಸರ್ ಬೇಕು. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಗೆ ತಂದು ನಿಲ್ಲಿಸಿ, 100 ಪಿಎಸ್ಐ ಬಿಡಿ. ಎರಡನೇ ಗೇಜ್ 92 ತೋರಿಸಿದರೆ ಸೋರಿಕೆ 8 ಶೇಕಡಾ. ಅಲ್ಲಿಂದ ಮುಂದೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಕ್ರಮ) ಹಿಡಿದು ಕ್ರ್ಯಾಂಕನ್ನು 90 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಎರಡು ಸುತ್ತಿನಲ್ಲಿ ಎಂಟೂ ಮುಗಿಯುತ್ತವೆ. ಷೆವ್ರೊಲೆ, ಪಾಂಟಿಯಾಕ್, ಕ್ರೈಸ್ಲರ್ ವಿ8ಗಳಲ್ಲಿ 1-8-4-3-6-5-7-2. ಫೋರ್ಡಿನ 289 ಮತ್ತು ಆ ಕಾಲದ 302ರಲ್ಲಿ 1-5-4-2-6-3-7-8. ಫೋರ್ಡ್ ಸಿಲಿಂಡರ್‌ಗಳನ್ನು ಎಣಿಸುವ ಕ್ರಮವೂ ಬೇರೆ, ಬಲಗಡೆ 1ರಿಂದ 4, ಎಡಗಡೆ 5ರಿಂದ 8.

ಗಾಳಿ ಬಿಡುವ ಮುನ್ನ ಕ್ರ್ಯಾಂಕ್ ಬೋಲ್ಟಿನಿಂದ ಸ್ಪ್ಯಾನರ್ ತೆಗೆಯಿರಿ, ಕೈಯನ್ನು ಫ್ಯಾನ್ ಮತ್ತು ಬೆಲ್ಟಿನಿಂದ ದೂರವಿಡಿ. ಪಿಸ್ಟನ್ ತುದಿಯಿಂದ ಒಂದಿಷ್ಟು ಆಚೀಚೆ ಇದ್ದರೂ ಗಾಳಿ ಅದನ್ನು ತಳ್ಳುತ್ತದೆ, ಕ್ರ್ಯಾಂಕ್ ಥಟ್ಟನೆ ತಿರುಗುತ್ತದೆ. ಬೆರಳು ಮುರಿಯಲು ಅಷ್ಟು ಸಾಕು.

ಈಗ ಕಿವಿಗೊಡಿ. ಕಾರ್ಬ್ಯುರೇಟರಿನಲ್ಲಿ ಹಿಸ್ ಎಂದರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್ ಕೊಳವೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ತುಂಬುವ ಬಾಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಇಲ್ಲವೇ ಬಿರುಕುಬಿಟ್ಟ ಹೆಡ್. 10 ಶೇಕಡಾ ಒಳಗಿದ್ದರೆ ಒಳ್ಳೆಯ ಎಂಜಿನ್. 20ರ ತನಕ ರಸ್ತೆಗೆ ನಡೆಯುತ್ತದೆ. 25 ದಾಟಿದ ಎಂಜಿನ್ನಿನ ಕಂಪ್ರೆಷನ್ ಏರಿಸುವ ಮಾತು ಬೇಡ, ಮೊದಲು ಅದನ್ನು ರಿಪೇರಿ ಮಾಡಿ.

ಕಂಪ್ರೆಷನ್ ಟೆಸ್ಟಿನಲ್ಲಿ ಕಡಿಮೆ, ಲೀಕ್‌ಡೌನಿನಲ್ಲಿ ಸೋರಿಕೆಯೇ ಇಲ್ಲ ಎಂಬ ಸಿಲಿಂಡರ್ ಒಂದೊಂದು ಸಲ ತಲೆಕೆಡಿಸುತ್ತದೆ. ಅಲ್ಲಿ ಗಾಳಿ ಹೊರಗೆ ಹೋಗುತ್ತಿಲ್ಲ, ಒಳಗೇ ಬರುತ್ತಿಲ್ಲ. ಫ್ಲ್ಯಾಟ್ ಟ್ಯಾಪೆಟ್ ಕ್ಯಾಮಿನ (ಲಿಫ್ಟರಿನ ಚಪ್ಪಟೆ ತಳ ನೇರವಾಗಿ ಜಾರುವಂಥದ್ದು) ಇನ್‌ಟೇಕ್ ಲೋಬ್, ಅಂದರೆ ವಾಲ್ವನ್ನು ತಳ್ಳುವ ಉಬ್ಬು, ಸವೆದು ವಾಲ್ವ್ ಸರಿಯಾಗಿ ತೆರೆಯುತ್ತಿಲ್ಲ ಎಂದರ್ಥ. ವಾಲ್ವ್ ಕವರ್ ಬಿಚ್ಚಿ, ಡಯಲ್ ಗೇಜ್ ಇಟ್ಟು, ಆ ವಾಲ್ವ್ ಎಷ್ಟು ಇಳಿಯುತ್ತದೆ ಎಂದು ಪಕ್ಕದ ಸಿಲಿಂಡರಿನದಕ್ಕೆ ಹೋಲಿಸಿ ನೋಡಿ. ರಾಕರ್ ನಟ್ ತೀರಾ ಬಿಗಿಯಾಗಿದ್ದರೆ ಇದಕ್ಕೆ ತಿರುಗುಮುರುಗು: ವಾಲ್ವ್ ಪೂರ್ತಿ ಕೂರದೆ ಎರಡೂ ಪರೀಕ್ಷೆಯಲ್ಲಿ ಸೋರುತ್ತದೆ. ಹೆಡ್ ಬಿಚ್ಚುವ ಮುನ್ನ ಟ್ಯಾಪೆಟ್ ಅಡ್ಜಸ್ಟ್ ಮಾಡಿ ಇನ್ನೊಮ್ಮೆ ಅಳೆಯುವುದು ಅದಕ್ಕೇ.

ನಿಜವಾದ ಅನುಪಾತದ ಲೆಕ್ಕ

ಹೆಡ್ ಬಿಚ್ಚಿದ ಮೇಲೆ ನಾಲ್ಕು ಜಾಗಗಳನ್ನು ಸಿಸಿಯಲ್ಲಿ ಅಳೆಯಬೇಕು: ಹೆಡ್ಡಿನ ಚೇಂಬರ್, ಗ್ಯಾಸ್ಕೆಟ್ಟಿನ ದಪ್ಪ ಬಿಡುವ ಜಾಗ, ಪಿಸ್ಟನ್ ಬ್ಲಾಕಿನ ಅಂಚಿಗಿಂತ ಕೆಳಗೆ ನಿಲ್ಲುವ ಜಾಗ, ಪಿಸ್ಟನ್ ತಲೆಯ ಗುಳಿ.

ಚೇಂಬರಿಗೆ 100 ಸಿಸಿ ಬ್ಯೂರೆಟ್, ಒಂದು ಸಣ್ಣ ತೂತಿರುವ ಅಕ್ರಿಲಿಕ್ ಹಲಗೆ ಸಾಕು. ವಾಲ್ವ್ ಮತ್ತು ಪ್ಲಗ್ ಹಾಕಿ, ಚೇಂಬರಿನ ಸುತ್ತ ತೆಳುವಾಗಿ ಗ್ರೀಸ್ ಹಚ್ಚಿ ಹಲಗೆ ಒತ್ತಿ ಕೂರಿಸಿ. ತೂತು ಮೇಲ್ಗಡೆಗೆ ಬರುವಂತೆ ಹೆಡ್ಡನ್ನು ತುಸು ವಾಲಿಸಿ, ಬಣ್ಣ ಕಲಸಿದ ಸ್ಪಿರಿಟ್ ಬಿಡಿ. ಕೊನೆಯ ಗುಳ್ಳೆ ಹೋದಾಗ ಬ್ಯೂರೆಟ್ ಓದಿ. ಎಂಟನ್ನೂ ಅಳೆಯಿರಿ. ಹಿಂದೆ ವಾಲ್ವ್ ಸೀಟ್ ಆಳವಾಗಿ ಕತ್ತರಿಸಿದ ಹೆಡ್ಡಿನಲ್ಲಿ 76 ಸಿಸಿ ಎಂದು ಬರೆದದ್ದು 78 ಬರುವುದುಂಟು.

ಪಿಸ್ಟನ್ ಗುಳಿಗೆ ಒಂದು ಚೊಕ್ಕ ಉಪಾಯವಿದೆ. ಪಿಸ್ಟನ್ನಿನ ಚಪ್ಪಟೆ ಭಾಗವನ್ನು ಬ್ಲಾಕಿನ ಅಂಚಿನಿಂದ ಸರಿಯಾಗಿ 0.250 ಇಂಚು ಕೆಳಗೆ ನಿಲ್ಲಿಸಿ, ರಿಂಗಿನ ಸಂದಿಗೆ ಗ್ರೀಸ್ ತುಂಬಿ, ಹಲಗೆಯಿಟ್ಟು ದ್ರವ ತುಂಬಿ. 4.000 ಇಂಚು ಬೋರಿನಲ್ಲಿ ಆ ಆಳದ ಬರಿಯ ಸಿಲಿಂಡರ್ 51.5 ಸಿಸಿ. 57.5 ಹಿಡಿದರೆ ಗುಳಿ 6 ಸಿಸಿ. ಪಿಸ್ಟನ್ ತುದಿಯಲ್ಲಿದ್ದಾಗ ಎಷ್ಟು ಕೆಳಗಿದೆ ಎಂಬುದನ್ನು ಡಯಲ್ ಗೇಜಿನಿಂದ ಪಿನ್ನಿನ ನೇರಕ್ಕೇ ಅಳೆಯಿರಿ. ಅಂಚಿನಲ್ಲಿ ಅಳೆದರೆ ಪಿಸ್ಟನ್ ತೂಗಾಡಿ ತಪ್ಪು ಹೇಳುತ್ತದೆ.

350 ಎಂಜಿನ್ನಿನ ಬೋರ್ 4.000, ಸ್ಟ್ರೋಕ್ 3.480 ಇಂಚು. ಬೋರನ್ನು ಬೋರಿನಿಂದ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿ, 0.7854ರಿಂದಲೂ 16.387ರಿಂದಲೂ ಗುಣಿಸಿದರೆ ಒಂದು ಸಿಲಿಂಡರಿಗೆ 716.6 ಸಿಸಿ. 76 ಸಿಸಿ ಚೇಂಬರ್, 6 ಸಿಸಿ ಗುಳಿ, 0.025 ಇಂಚು ಕೆಳಗೆ ನಿಂತ ಪಿಸ್ಟನ್ನಿಗೆ 5.15, 4.100 ಇಂಚು ಬೋರಿನ 0.039 ಇಂಚು ಗ್ಯಾಸ್ಕೆಟ್ಟಿಗೆ 8.4, ಒಟ್ಟು 95.6. ಇದಕ್ಕೆ 716.6 ಕೂಡಿಸಿ 95.6ರಿಂದ ಭಾಗಿಸಿದರೆ 8.5:1. ಅದೇ ಬ್ಲಾಕಿಗೆ 64 ಸಿಸಿ ಹೆಡ್ ಹಾಕಿದರೆ 9.6. ಅದರ ಮೇಲೆ ಗ್ಯಾಸ್ಕೆಟ್ಟನ್ನೂ 0.015 ಇಂಚಿನ ಸ್ಟೀಲ್ ಶಿಮ್ (ತೆಳು ತಗಡಿನ ಗ್ಯಾಸ್ಕೆಟ್) ಮಾಡಿದರೆ 10.1. ಪಿಸ್ಟನ್ ಮುಟ್ಟದೆಯೇ ಒಂದೂವರೆ ಪಾಯಿಂಟ್ ಸಿಕ್ಕಿತು.

ಇನ್‌ಟೇಕ್ ವಾಲ್ವ್ ಯಾವಾಗ ಮುಚ್ಚುತ್ತದೆ

ಪಿಸ್ಟನ್ ಕೆಳತುದಿಯಿಂದ ಮೇಲೆ ಹೊರಟ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಅದು ಮುಚ್ಚುವ ತನಕ ಒತ್ತುವ ಕೆಲಸ ಶುರುವಾಗುವುದಿಲ್ಲ. ಹಾಗಾಗಿ ಎಂಜಿನ್ ನಿಜವಾಗಿ ಅನುಭವಿಸುವುದು ವಾಲ್ವ್ ಮುಚ್ಚಿದ ಮೇಲೆ ಉಳಿದ ಸ್ಟ್ರೋಕಿನ ಅನುಪಾತವನ್ನು. ಇದನ್ನು ಡೈನಾಮಿಕ್ ಕಂಪ್ರೆಷನ್ ಎನ್ನುತ್ತಾರೆ. ಮುಚ್ಚುವ ಬಿಂದುವನ್ನು ಕ್ಯಾಮ್ ಕಾರ್ಡಿನಿಂದಲೇ (ಕ್ಯಾಮ್ ಜೊತೆ ಬರುವ ವಿವರದ ಚೀಟಿ) ತೆಗೆಯಬಹುದು: ಇನ್‌ಟೇಕಿನ ಪೂರ್ಣ ಡ್ಯುರೇಷನ್ನಿನ (ವಾಲ್ವ್ ತೆರೆದಿರುವ ಒಟ್ಟು ಡಿಗ್ರಿ) ಅರ್ಧಕ್ಕೆ ಇನ್‌ಟೇಕ್ ಸೆಂಟರ್‌ಲೈನ್ (ವಾಲ್ವ್ ಅತಿ ಹೆಚ್ಚು ತೆರೆದಿರುವ ಬಿಂದು) ಕೂಡಿಸಿ 180 ಕಳೆಯಿರಿ. 268 ಡಿಗ್ರಿ ಕ್ಯಾಮ್ 106ರಲ್ಲಿ ಕೂತಿದ್ದರೆ 134ಕ್ಕೆ 106 ಕೂಡಿಸಿ 180 ಕಳೆದು, ಕೆಳತುದಿ ದಾಟಿದ ಮೇಲೆ 60 ಡಿಗ್ರಿ. 288ರ ಕ್ಯಾಮ್ ಆದರೆ 70 ಡಿಗ್ರಿ. ಇಲ್ಲಿ 0.050 ಇಂಚು ಲಿಫ್ಟಿನ ಡ್ಯುರೇಷನ್ (ಲಿಫ್ಟರ್ ಅಷ್ಟು ಎದ್ದ ಮೇಲಷ್ಟೇ ಎಣಿಸಿದ್ದು) ಹಾಕಿದರೆ ವಾಲ್ವ್ ಬೇಗ ಮುಚ್ಚಿದಂತೆ ಕಂಡು ಲೆಕ್ಕವೆಲ್ಲ ಕೆಡುತ್ತದೆ.

5.7 ಇಂಚು ಕನೆಕ್ಟಿಂಗ್ ರಾಡ್ ಇರುವ 350ರಲ್ಲಿ 60 ಡಿಗ್ರಿಗೆ ಮುಚ್ಚಿದರೆ ಉಳಿಯುವ ಸ್ಟ್ರೋಕ್ 2.81 ಇಂಚು, 70 ಡಿಗ್ರಿಗೆ 2.57 ಇಂಚು. ಹಾಗಾದರೆ 8.5:1 ಎಂಜಿನ್ನಿನಲ್ಲಿ ಸಣ್ಣ ಕ್ಯಾಮಿಗೆ ಡೈನಾಮಿಕ್ 7.1, ದೊಡ್ಡದಕ್ಕೆ ಬರೀ 6.5. ಮೊದಲ ಪ್ಯಾರಾದ ಮಂದ ಕಾರು ಇದೇ. 10.1:1 ಎಂಜಿನ್ನಿನಲ್ಲಿ ದೊಡ್ಡ ಕ್ಯಾಮಿಗೆ 7.8, ಸಣ್ಣದಕ್ಕೆ 8.4. ಎರಕದ ಕಬ್ಬಿಣದ ಹೆಡ್ ಇದ್ದು, ಅಮೆರಿಕದ ಪಂಪಿನಲ್ಲಿ 91ರಿಂದ 93 ಎಂದು ಬರೆದ ಪ್ರೀಮಿಯಂ ಹಾಕುವುದಾದರೆ 8ರ ಆಸುಪಾಸು ಸುರಕ್ಷಿತ, 8.4 ನಾಕಿಂಗಿನ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದರ) ಅಂಚು. ಅಲ್ಯುಮಿನಿಯಂ ಹೆಡ್ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಇನ್ನರ್ಧ ಪಾಯಿಂಟ್ ತಡೆಯುತ್ತದೆ. ಪಂಪಿನ ಮೇಲಿನ ಆ ಸಂಖ್ಯೆ ರಿಸರ್ಚ್ ಮತ್ತು ಮೋಟಾರ್ ಆಕ್ಟೇನ್‌ಗಳ ಸರಾಸರಿ. ಹಳೆಯ ಮ್ಯಾನ್ಯುಯಲ್‌ಗಳು ಕೊಡುವುದು ಬರೀ ರಿಸರ್ಚ್ ಸಂಖ್ಯೆ, ಅದು ನಾಲ್ಕೈದು ಹೆಚ್ಚೇ ಇರುತ್ತದೆ. ಇವೆರಡನ್ನು ಒಂದೇ ಎಂದುಕೊಂಡರೆ ಗಾಬರಿ ಬೀಳುತ್ತೀರಿ.

ಕ್ಯಾಮ್ ಆರಿಸಲು ಒಂದು ಒರಟು ಅಳತೆಗೋಲು, 350ರ ಗಾತ್ರದ ರಸ್ತೆಯ ಎಂಜಿನ್ನಿಗೆ: 8.5:1 ಇದ್ದರೆ 0.050 ಇಂಚಿನಲ್ಲಿ 204ರಿಂದ 214 ಡಿಗ್ರಿ ಡ್ಯುರೇಷನ್, 9.5:1ಕ್ಕೆ 218ರಿಂದ 224, 10:1 ದಾಟಿದರೆ 230ರ ಸುತ್ತ. ಎರಡರ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಈಗಾಗಲೇ ತುಸು ದೊಡ್ಡ ಕ್ಯಾಮ್ ಹಾಕಿಬಿಟ್ಟಿದ್ದರೆ ಅದನ್ನು 4 ಡಿಗ್ರಿ ಮುಂದೆ ಕೂರಿಸಿ. ಇನ್‌ಟೇಕ್ ಅಷ್ಟು ಬೇಗ ಮುಚ್ಚಿ ಕೆಳಗಿನ ಟಾರ್ಕ್ ಸ್ವಲ್ಪ ಮರಳುತ್ತದೆ.

ಕ್ವೆಂಚ್

ಪಿಸ್ಟನ್ ತುದಿಗೆ ಬಂದಾಗ ಅದರ ಚಪ್ಪಟೆ ಭಾಗಕ್ಕೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ನಡುವೆ ಉಳಿಯುವ ಸಂದಿ ಕ್ವೆಂಚ್. ಅಲ್ಲಿಂದ ಹಿಂಡಿ ಹೊರಬಂದ ಮಿಶ್ರಣ ಪ್ಲಗ್ಗಿನ ಕಡೆಗೆ ರಭಸವಾಗಿ ನುಗ್ಗಿ ಬೆಂಕಿ ಬೇಗ ಹರಡುತ್ತದೆ. ಆ ಮೂಲೆಯಲ್ಲಿ ತಾನಾಗಿ ಸಿಡಿಯಲು ಮಿಶ್ರಣವೂ ಹೆಚ್ಚು ಉಳಿದಿರುವುದಿಲ್ಲ. ಸ್ಟೀಲ್ ರಾಡ್ ಇರುವ ಎಂಜಿನ್ನಿಗೆ 0.035ರಿಂದ 0.045 ಇಂಚು ಸರಿಯಾದ ಸಂದಿ. ಗ್ಯಾಸ್ಕೆಟ್ ದಪ್ಪ ಮತ್ತು ಪಿಸ್ಟನ್ ಕೆಳಗಿರುವ ಆಳ ಕೂಡಿಸಿದರೆ ಅದು ಸಿಗುತ್ತದೆ: ಮೇಲಿನ ಲೆಕ್ಕದಲ್ಲಿ 0.015 ಮತ್ತು 0.025 ಸೇರಿ 0.040.

ನಾಕಿಂಗ್ ಬಂತೆಂದು ಅನುಪಾತ ಇಳಿಸಲು ದಪ್ಪ ಗ್ಯಾಸ್ಕೆಟ್ ಹಾಕುವುದು ಇದನ್ನು ತಿಳಿಯದೆ ಮಾಡುವ ತಪ್ಪು. ಅನುಪಾತ ಅರ್ಧ ಪಾಯಿಂಟ್ ಇಳಿಯುತ್ತದೆ, ಸಂದಿ 0.065ಕ್ಕೆ ಅಗಲವಾಗುತ್ತದೆ, ನಾಕಿಂಗ್ ಅಲ್ಲೇ ಇರುತ್ತದೆ. ಇಳಿಸಬೇಕಾದರೆ ಚೇಂಬರ್ ದೊಡ್ಡದಿರುವ ಹೆಡ್ ಹಾಕಿ, ಅಥವಾ ಚೇಂಬರಿನ ಆಕಾರಕ್ಕೇ ಹೊಂದುವ ಡಿ ಆಕಾರದ ಗುಳಿಯಿರುವ ಪಿಸ್ಟನ್ ಹಾಕಿ. ಸಂದಿಯನ್ನು ಬಿಗಿಯಾಗಿಯೇ ಇಡಿ. ಎಲ್ಲ ಹೆಡ್ಡಿಗೂ ಈ ಮಾತು ಅನ್ವಯಿಸುವುದಿಲ್ಲ: 426 ಹೆಮಿಯ ಅರೆಗೋಳ, ಕ್ರೈಸ್ಲರಿನ 906 ಹೆಡ್, ಫೋರ್ಡ್ 351 ಕ್ಲೀವ್‌ಲ್ಯಾಂಡಿನ 2ವಿ ಹೆಡ್ ಇವೆಲ್ಲ ತೆರೆದ ಚೇಂಬರಿನವು. ಅವುಗಳಲ್ಲಿ ಅನುಪಾತವನ್ನು ಇನ್ನೂ ತಗ್ಗಿಸಿಯೇ ಇಟ್ಟುಕೊಳ್ಳಬೇಕು.

ಏರಿಸುವ ದಾರಿಗಳು

ಹೆಡ್ ಬದಲಿಸುವುದೇ ಮೊದಲ ಆಯ್ಕೆಯಾಗಲಿ, ಏಕೆಂದರೆ ಕಂಪ್ರೆಷನ್ ಜೊತೆ ಗಾಳಿಯ ಹರಿವೂ ಸುಧಾರಿಸುತ್ತದೆ. ಸಣ್ಣ ಬ್ಲಾಕ್ ಷೆವ್ರೊಲೆಗೆ (350 ಸೇರಿದ ಎಂಜಿನ್ ಬಳಗಕ್ಕೆ) 1996ರಿಂದ ಬಂದ ವೋರ್ಟೆಕ್ ಕಬ್ಬಿಣದ ಹೆಡ್ 64 ಸಿಸಿ ಚೇಂಬರಿನದು, ಚೆನ್ನಾಗಿ ಉಸಿರಾಡುತ್ತದೆ. ಆದರೆ ಅದಕ್ಕೆ ಅದರದೇ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು, ಹಳೆಯದರ ಬೋಲ್ಟ್ ತೂತು ಕೂಡುವುದಿಲ್ಲ. ವಾಲ್ವ್ ಲಿಫ್ಟ್ ಸುಮಾರು 0.470 ಇಂಚು ದಾಟಿದರೆ ಸ್ಪ್ರಿಂಗಿನ ಮೇಲಿನ ತಟ್ಟೆ ಗೈಡಿಗೆ ಬಡಿಯುತ್ತದೆ. 1960ರ ದಶಕದ ಹೆಡ್ಡನ್ನೇ ಉಳಿಸಿಕೊಳ್ಳುವವರು ಮಷಿನ್ ಶಾಪಿನಲ್ಲಿ ಗಟ್ಟಿ ಎಕ್ಸಾಸ್ಟ್ ಸೀಟ್ ಕೂರಿಸುವುದು ಲೇಸು. ಸೀಸವಿಲ್ಲದ ಪೆಟ್ರೋಲಿನಲ್ಲಿ ಜೋರಾಗಿ ಓಡಿಸಿದರೆ ಮೆದು ಸೀಟ್ ಒಳಗಿಳಿಯುತ್ತ ಹೋಗುತ್ತದೆ.

ಹೆಡ್ ಮಿಲ್ ಮಾಡಿಸುವುದು ಅಗ್ಗ, ಆದರೆ ಮಿತಿಯಿದೆ. ಒಂದು ಸಿಸಿ ಕಡಿಮೆಯಾಗಲು ಸುಮಾರು 6ರಿಂದ 7 ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಕತ್ತರಿಸಬೇಕು. 76ನ್ನು 64ಕ್ಕೆ ಇಳಿಸಲು 70 ಥೌಗಿಂತ ಹೆಚ್ಚಾಯಿತು. ಅಷ್ಟು ತೆಗೆದರೆ ಹೆಡ್ಡಿನ ತಳ ತೆಳುವಾಗಿ ಬಿರುಕುಬಿಡುತ್ತದೆ. ಎರಡೂ ಹೆಡ್ ಕೆಳಗಿಳಿದಾಗ ಇನ್‌ಟೇಕ್ ಮ್ಯಾನಿಫೋಲ್ಡ್ ನಡುವೆ ಸರಿಯಾಗಿ ಕೂರುವುದೂ ಇಲ್ಲ, ಹೆಡ್ಡಿನ 10 ಥೌಗೆ ಮ್ಯಾನಿಫೋಲ್ಡ್ ಕಡೆ 12 ಥೌ ತೆಗೆಯಬೇಕಾಗುತ್ತದೆ. 20 ಥೌ ತನಕ ಸರಿ, ಅದರಾಚೆ ಬೇರೆ ಹೆಡ್ ಕೊಳ್ಳುವುದೇ ವಾಸಿ.

ಬ್ಲಾಕಿನ ಮೇಲ್ಮೈ ಕತ್ತರಿಸುವ ಮುನ್ನ ಒಂದು ಕ್ಷಣ ನಿಲ್ಲಿ. ಷೆವ್ರೊಲೆ ಬ್ಲಾಕಿನಲ್ಲಿ ಬಲಗಡೆಯ ಹೆಡ್ಡಿನ ಮುಂದಿರುವ ಸಣ್ಣ ಪಟ್ಟಿಯ ಮೇಲೆ ಎಂಜಿನ್ನಿನ ಗುರುತಿನ ಅಕ್ಷರಗಳನ್ನು ಒತ್ತಿರುತ್ತಾರೆ. ಅದು ಮೇಲ್ಮೈಯ ಮಟ್ಟಕ್ಕೇ ಇರುವುದರಿಂದ ಕತ್ತರಿಸಿದರೆ ಅಕ್ಷರವೂ ಕಾರ್ಖಾನೆಯ ಗೀರುಗಳೂ ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ಕಾರಿನ ಜೊತೆ ಹುಟ್ಟಿದ ಬ್ಲಾಕ್ ಆಗಿದ್ದರೆ ತೆಳು ಗ್ಯಾಸ್ಕೆಟ್ ಅಥವಾ ಪಿನ್ನಿನಿಂದ ತಲೆಯ ತನಕ ಎತ್ತರ ಹೆಚ್ಚಿರುವ ಪಿಸ್ಟನ್ನಿನಿಂದ ಅದೇ ಸಂದಿ ತನ್ನಿ. ಮೂಲ ಹೆಡ್‌ಗಳಿಗೂ ಹೀಗೆಯೇ: ಆಯಿಲ್ ಹಚ್ಚಿ ಸುತ್ತಿಟ್ಟು, ಬೇರೆ ಹೆಡ್ಡಿನಲ್ಲಿ ಓಡಿಸಿ. 11:1 ಅಥವಾ ಅದಕ್ಕೂ ಮೇಲಿನ ಮೂಲ ಎಲ್‌ಎಸ್6 ಅಥವಾ ಎಲ್‌ಟಿ-1 ಇರುವವರು ಇಂದಿನ ಪೆಟ್ರೋಲಿಗೆ ಇಳಿಸುವಾಗ ಅಲ್ಯುಮಿನಿಯಂ ಹೆಡ್, ಗುಳಿಯ ಪಿಸ್ಟನ್ ಬಳಸುವುದೂ ಇದೇ ಕಾರಣಕ್ಕೆ. ಎರಡನ್ನೂ ಹಿಂದಕ್ಕೆ ಬದಲಿಸಬಹುದು.

ಸ್ಟೀಲ್ ಶಿಮ್ ಗ್ಯಾಸ್ಕೆಟ್ ಹಾಕುವವರಿಗೆ ಬ್ಲಾಕ್, ಹೆಡ್ ಎರಡೂ ಸಪಾಟಾಗಿ ಸ್ವಚ್ಛವಾಗಿರಬೇಕು. ಎರಡೂ ಮುಖಕ್ಕೆ ತಾಮ್ರದ ಸ್ಪ್ರೇ ಹೊಡೆಯಿರಿ. ಅಲ್ಯುಮಿನಿಯಂ ಹೆಡ್ಡಿನ ಕೆಳಗೆ ಈ ಗ್ಯಾಸ್ಕೆಟ್ ಬೇಡ. ಸಣ್ಣ ಬ್ಲಾಕ್ ಷೆವ್ರೊಲೆಯಲ್ಲಿ ಹೆಡ್ ಬೋಲ್ಟಿನ ತೂತುಗಳು ನೀರಿನ ಜಾಕೆಟ್ಟಿಗೆ ತೆರೆದುಕೊಳ್ಳುತ್ತವೆ, ಎಳೆಗಳಿಗೆ ಸೀಲಂಟ್ ಹಚ್ಚದಿದ್ದರೆ ಬೋಲ್ಟಿನ ಸುತ್ತ ನೀರು ಏರುತ್ತದೆ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ 25, 45, 65 ಪೌಂಡ್-ಅಡಿಯಂತೆ ಮೂರು ಹಂತದಲ್ಲಿ ಬಿಗಿಯಿರಿ. ಕೊನೆಯದು ಸುಮಾರು 88 ನ್ಯೂಟನ್ ಮೀಟರ್. ಕ್ಯಾಮನ್ನೋ ಹೆಡ್ಡನ್ನೋ ಬದಲಿಸಿದ ಮೇಲೆ ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಜಾಗವನ್ನು ಜೇಡಿಮಣ್ಣಿನ ಉಂಡೆಯಿಟ್ಟು ನೋಡಲೇಬೇಕು: ಇನ್‌ಟೇಕಿಗೆ 0.080, ಎಕ್ಸಾಸ್ಟಿಗೆ 0.100 ಇಂಚು ಕನಿಷ್ಠ. ಪುಷ್‌ರಾಡ್ ಉದ್ದವನ್ನೂ ಹೊಸದಾಗಿ ಅಳೆಯಿರಿ.

ಓಡಿಸಿ ಹದಕ್ಕೆ ತರುವುದು

ಹೊಸ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮಿಗೆ ಹೊಸ ಲಿಫ್ಟರ್‌ಗಳನ್ನೇ ಹಾಕಿ, ಸತು ಹೆಚ್ಚಿರುವ ಬ್ರೇಕ್‌ಇನ್ ಆಯಿಲ್ ತುಂಬಿ. ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂಗೆ ಏರಿಸಿ 20 ನಿಮಿಷ ಇಡಿ. ಐಡಲ್‌ನಲ್ಲಿ ಬಿಟ್ಟರೆ ಲೋಬಿಗೆ ಆಯಿಲ್ ಚಿಮ್ಮದೆ ಮೊದಲ ದಿನವೇ ಸವೆಯುತ್ತದೆ.

ಟೈಮಿಂಗ್ ಲೈಟ್ ಹಿಡಿಯುವ ಮುನ್ನ ಕ್ರ್ಯಾಂಕಿನ ಮುಂದಿರುವ ಡ್ಯಾಂಪರಿನ ಗುರುತು ನಿಜವೇ ಎಂದು ಪಿಸ್ಟನ್ ಸ್ಟಾಪ್ ಹಾಕಿ ಖಾತ್ರಿ ಮಾಡಿಕೊಳ್ಳಿ. 50 ವರ್ಷದ ಡ್ಯಾಂಪರಿನಲ್ಲಿ ರಬ್ಬರ್ ಸಡಿಲವಾಗಿ ಹೊರಗಿನ ಉಂಗುರವೇ ಜಾರಿರುತ್ತದೆ. ಅದನ್ನು ನಂಬಿ ಇಟ್ಟ 36 ಡಿಗ್ರಿ ನಿಜದಲ್ಲಿ 44 ಆಗಿರಬಹುದು. ಹಳೆಯ ಚೇಂಬರಿನ ಸಣ್ಣ ಬ್ಲಾಕಿಗೆ, ಪಿಸ್ಟನ್ ತುದಿ ಮುಟ್ಟುವ ಮುನ್ನ ಕಿಡಿ ಹಾರಬೇಕಾದದ್ದು ಐಡಲ್‌ನಲ್ಲಿ 10ರಿಂದ 14 ಡಿಗ್ರಿ, 3,000 ಆರ್‌ಪಿಎಂ ಹೊತ್ತಿಗೆ ಒಟ್ಟು 34ರಿಂದ 36. ವೋರ್ಟೆಕ್ ಹೆಡ್ಡಿಗೆ ಎರಡು ಮೂರು ಡಿಗ್ರಿ ಕಡಿಮೆಯೇ ಸಾಕು. ಈ ಅಳತೆಗಳನ್ನು ವ್ಯಾಕ್ಯೂಮ್ ಅಡ್ವಾನ್ಸಿನ ಪೈಪ್ ಕಳಚಿ, ತುದಿ ಮುಚ್ಚಿ ತೆಗೆಯಬೇಕು. ಕಂಪ್ರೆಷನ್ ಏರಿದ ಎಂಜಿನ್ನಿಗೆ ಒಂದು ಹಂತ ತಣ್ಣನೆಯ (ಶಾಖವನ್ನು ಬೇಗ ಬಿಟ್ಟುಕೊಡುವ) ಪ್ಲಗ್ ಹಾಕಿ.

ಮೊದಲ ಕೆಲವು ದಿನ ಟಾಪ್ ಗೇರಿನಲ್ಲಿ ಏರಿನ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು ಕಿವಿಗೊಡಿ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಸದ್ದು ಬಂದರೆ ತಕ್ಷಣ ಕಾಲು ತೆಗೆದು, ಟೈಮಿಂಗ್ 2 ಡಿಗ್ರಿ ಹಿಂದಕ್ಕೆ ತನ್ನಿ. ದೊಡ್ಡ ಸೈಲೆನ್ಸರಿನ ಗದ್ದಲದಲ್ಲಿ ಆ ಸದ್ದು ಕೇಳಿಸದೆಯೂ ಹೋಗಬಹುದು, ಹಾಗಾಗಿ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ: ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಎರಚಿದಂತೆ ಕಪ್ಪು ಚುಕ್ಕೆ ಅಥವಾ ಹೊಳೆಯುವ ಅಲ್ಯುಮಿನಿಯಂ ಕಣ ಕಂಡರೆ ಪಿಸ್ಟನ್ ಪೆಟ್ಟು ತಿನ್ನುತ್ತಿದೆ. ಅಲ್ಲಿಗೇ ನಿಲ್ಲಿಸದಿದ್ದರೆ ಮುಂದೆ ಒಡೆಯುವುದು ರಿಂಗ್ ಕೂರುವ ಅಂಚು. ಟೈಮಿಂಗ್ 4 ಡಿಗ್ರಿ ಹಿಂದೆ ತಂದರೂ ಚುಕ್ಕೆ ಹೋಗದಿದ್ದರೆ ಕಾರ್ಬ್ಯುರೇಟರ್ ಮಿಶ್ರಣ ತೆಳುವಾಗಿದೆಯೇ, ನೀರಿನ ಬಿಸಿ 95 ಡಿಗ್ರಿ ಸೆಲ್ಸಿಯಸ್ ದಾಟುತ್ತಿದೆಯೇ ನೋಡಿ. ಅವೂ ಸರಿಯಿದ್ದರೆ ಲೆಕ್ಕದ ಹಾಳೆಗೆ ವಾಪಸು ಬಂದು ಚೇಂಬರ್, ಸಂದಿ, ವಾಲ್ವ್ ಮುಚ್ಚುವ ಬಿಂದು ಮೂರನ್ನೂ ಮತ್ತೆ ಪರಿಶೀಲಿಸಿ.

800 ಕಿಲೋಮೀಟರ್ ಓಡಿ ರಿಂಗ್ ಕೂತ ಮೇಲೆ ಇನ್ನೊಮ್ಮೆ ಕಂಪ್ರೆಷನ್ ಮತ್ತು ಲೀಕ್‌ಡೌನ್ ಎರಡನ್ನೂ ಮಾಡಿ, ಎಂಟೂ ಸಂಖ್ಯೆಯನ್ನು ದಿನಾಂಕ, ಎಂಜಿನ್ ಬಿಸಿ, ಬಳಸಿದ ಗೇಜ್ ಸಮೇತ ಬರೆದು ಕಾರಿನ ಕಾಗದಪತ್ರದ ಜೊತೆ ಇಡಿ. ಮುಂದಿನ ಸಲ ಅದೇ ಗೇಜಿನಿಂದ ಅಳೆದಾಗ ಹೋಲಿಸಬೇಕಾದದ್ದು ಆ ಹಾಳೆಗೆ.